ಭ್ರಾಂತಿಯೂ ಸತ್ಯವಚನವೂ

ತಿಳಿಯದವನು ತಪ್ಪಿದರೆ ಅದಕ್ಕೆ ಅಜ್ಞಾನವೇ ಕಾರಣವೆಂದು ಹೇಳಿ ಲೋಕವು ಸುಮ್ಮನಾಗುತ್ತದೆ. ತಿಳಿದೂ ತಿಳಿದೂ ತಪ್ಪಿದರೆ ಅದನ್ನು ದೋಷವೆಂದು ಎಣಿಸಿ ದಂಡಿಸುತ್ತದೆ. ಈ ಎರಡಕ್ಕೂ ಸೇರದ ಮೂರನೆಯ ಬಗೆಯ ತಪ್ಪೊಂದುಂಟು. ಒಬ್ಬನು ಕಲಿಯತಕ್ಕದ್ದನ್ನು ಶ್ರದ್ಧೆಯಿಂದ ಕಲಿತಿರುತ್ತಾನೆ; ಅವನ ಕಣ್ಣಿನಲ್ಲಿ ಕುಂದಿಲ್ಲ, ಮನಸ್ಸಿನಲ್ಲಿ ಕಪಟವಿಲ್ಲ. ಆದರೂ ಎದುರಿಗೆ ಬಂದುದು ಕಲಿತುದರಂತೆ ಇಲ್ಲದ ಕಾರಣ, ಅವನ ಕಣ್ಣು ಇದ್ದುದನ್ನು ಬಿಟ್ಟು ಇಲ್ಲದುದನ್ನು ಕಾಣತೊಡಗುತ್ತದೆ. ಇಂಥ ಸಮಯದಲ್ಲಿ ಅವನ ಕರ್ತವ್ಯವೇನು? ದೃಷ್ಟಿ ಕೆಟ್ಟಿತೆಂಬುದನ್ನು ಬಚ್ಚಿಟ್ಟು ಧೈರ್ಯದ ಮುಖವನ್ನು ತೋರಿಸಬೇಕೆ? ಅಥವಾ ಕಂಡ ಭ್ರಾಂತಿಯನ್ನು ಕಂಡಂತೆಯೇ ಹೇಳಿಬಿಡಬೇಕೆ? ಈ ಪ್ರಶ್ನೆಯು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಹುಟ್ಟತಕ್ಕದ್ದಲ್ಲ. 2019ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಒಂದು ಆಟದ ಬಯಲಿನಲ್ಲಿ 22 ವರ್ಷದ ತರುಣನೊಬ್ಬನು ಆಡಿದ ಒಂದು ಸಣ್ಣ ಮಾತಿನಿಂದ ಅದು ಲಕ್ಷಾಂತರ ಜನರ ಎದುರಿಗೆ ಬಂದು ನಿಂತಿತು.

ಆ ಮಾತಿನ ತೂಕವನ್ನು ಅರಿಯಬೇಕಾದರೆ ಆಟದ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ಅಮೆರಿಕಾದವರು ಫುಟ್‌ಬಾಲ್ ಎಂದು ಕರೆಯುವ ಆಟವು ಕಾಲಿನಿಂದ ಚೆಂಡನ್ನು ಒದೆಯುವ ಲೋಕಪ್ರಸಿದ್ಧವಾದ ಆಟವಲ್ಲ. ಮೊಟ್ಟೆಯಂತೆ ನೀಳವಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೂ ದೂರಕ್ಕೆ ಎಸೆಯುವುದೂ ಅಲ್ಲಿ ಮುಖ್ಯವಾದುವು. ಬಯಲಿನ ಉದ್ದ 100 ಗಜ; ಒಂದೊಂದು ಪಕ್ಷಕ್ಕೆ 11 ಮಂದಿ. ಚೆಂಡು ಯಾರ ವಶದಲ್ಲಿರುವುದೋ ಅವರು ನಾಲ್ಕು ಪ್ರಯತ್ನಗಳೊಳಗಾಗಿ 10 ಗಜವಾದರೂ ಮುಂದುವರಿಯಬೇಕು. ಇಲ್ಲವಾದರೆ ಅದನ್ನು ಎದುರು ಪಕ್ಷಕ್ಕೆ ಬಿಟ್ಟುಕೊಡಬೇಕಾಗುತ್ತದೆ. ಹೀಗೆ ಮುಂದುವರಿಯುವ ಪಕ್ಷದ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಪ್ರತಿಯೊಂದು ಪ್ರಯತ್ನದಲ್ಲಿಯೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಅದು ಬರುವುದಕ್ಕೆ ಮುಂಚೆ ಅವನು ಎದುರು ಪಕ್ಷದವರು ನಿಂತಿರುವ ಬಗೆಯನ್ನು ನೋಡಿ, ಇವರಲ್ಲಿ ಯಾರು ತನ್ನ ಮೇಲೆ ನುಗ್ಗುವರು, ಯಾರು ಹಿಂದೆ ಸರಿದು ತನ್ನ ಕಡೆಯವರನ್ನು ಕಾಯುವರು ಎಂಬುದನ್ನು ಊಹಿಸಬೇಕು. ಚೆಂಡು ಬಂದ ಮೇಲೆ ಅವನಿಗೆ ಉಳಿಯುವ ಕಾಲ ಎರಡು ಮೂರು ಸೆಕೆಂಡುಗಳು ಮಾತ್ರ. ಅಷ್ಟರೊಳಗೆ ಊಹೆಯನ್ನು ಕಣ್ಣಿನಿಂದ ಪರೀಕ್ಷಿಸಿ, ಯಾರ ಕಡೆಗೆ ಎಸೆಯಬೇಕೆಂದು ನಿಶ್ಚಯಿಸಿ, ಎಸೆದುಬಿಡಬೇಕು. ತಡಮಾಡಿದರೆ ಆನೆಯಂಥ ಆಳುಗಳು ಬಂದು ಅವನನ್ನು ನೆಲಕ್ಕೆ ಕೆಡಹುವರು.

ಇಂಥವನನ್ನು ಸೋಲಿಸುವುದಕ್ಕೆ ಎದುರು ಪಕ್ಷದವರಲ್ಲಿ ಎರಡು ಉಪಾಯಗಳುಂಟು. ಒಂದು, ಅವನಿಗಿಂತ ಹೆಚ್ಚಿನ ದೇಹಬಲ. ಮತ್ತೊಂದು, ಅವನ ಊಹೆಯನ್ನೇ ಕೆಡಿಸುವ ಬುದ್ಧಿಬಲ. ಈ ಎರಡನೆಯ ಉಪಾಯದಲ್ಲಿ, ನುಗ್ಗುವವರಂತೆ ಮುಂದೆ ಬಂದು ನಿಂತವರು ಚೆಂಡು ಕದಲಿದೊಡನೆಯೇ ಹಿಂದಕ್ಕೆ ಸರಿಯುತ್ತಾರೆ. ದೂರದಲ್ಲಿ ನಿರುಪದ್ರವಿಗಳಂತೆ ನಿಂತವರು ಬಾಣದಂತೆ ಬಂದು ಎರಗುತ್ತಾರೆ. ಒಮ್ಮೊಮ್ಮೆ ಏಳೆಂಟು ಮಂದಿ ಒಟ್ಟಿಗೆ ನುಗ್ಗುವ ಸೂಚನೆಯನ್ನು ತೋರಿಸಿ ನಾಲ್ವರು ಮಾತ್ರ ಬರುವರು; ಒಮ್ಮೊಮ್ಮೆ ತೋರಿಸಿದಂತೆಯೇ ಎಲ್ಲರೂ ಬಂದುಬಿಡುವರು. ತೋರಿಕೆಯು ಯಾವಾಗಲೂ ಸುಳ್ಳಾಗಿದ್ದರೆ ಅದನ್ನು ತಿರುಗುಮುರುಗು ಮಾಡಿ ಓದಬಹುದಾಗಿತ್ತು. ಅದು ಒಮ್ಮೆ ನಿಜವೂ ಒಮ್ಮೆ ಸುಳ್ಳೂ ಆಗಿರುವುದರಿಂದಲೇ ಬುದ್ಧಿಯು ಆಧಾರವಿಲ್ಲದೆ ತೂಗಾಡುತ್ತದೆ. ಇದು ಮೋಸವಲ್ಲವೆ, ಅಧರ್ಮವಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲವೆಂದೇ ಹೇಳಬೇಕು. ಚದುರಂಗದಲ್ಲಿ ಕುದುರೆಯನ್ನು ಒಂದು ಕಡೆ ನಡೆಸಿ ಮತ್ತೊಂದು ಕಡೆ ಹೊಂಚುಹಾಕುವವನನ್ನು ವಂಚಕನೆಂದು ಯಾರೂ ಕರೆಯುವುದಿಲ್ಲ. ಆಟಕ್ಕೆ ಇಳಿದ ಇಬ್ಬರೂ ಈ ಬಗೆಯ ತೋರಿಕೆಗಳಿಗೆ ಒಪ್ಪಿಯೇ ಇಳಿದವರು. ಒಪ್ಪಿಗೆಯಿರುವಲ್ಲಿ ವಂಚನೆಯೆಂಬ ಮಾತಿಗೆ ಎಡೆಯಿಲ್ಲ. ಆದುದರಿಂದ ಸೋತವನು ಎದುರಾಳಿಯನ್ನು ದೂರುವಂತಿಲ್ಲ. ಅವನ ಪರೀಕ್ಷೆಯೆಲ್ಲ ತನ್ನೊಳಗೇ ನಡೆಯತಕ್ಕದ್ದು.

ಆ ತರುಣನ ಹೆಸರು ಸ್ಯಾಮ್ ಡಾರ್ನಲ್ಡ್. 1997ರಲ್ಲಿ ಹುಟ್ಟಿದ ಈತನು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಆಡಿ ಹೆಸರುಗಳಿಸಿದನು. 2018ರಲ್ಲಿ ವೃತ್ತಿಪರ ಪಕ್ಷಗಳು ವಿದ್ಯಾರ್ಥಿಗಳಿಂದ ಆಟಗಾರರನ್ನು ಆರಿಸಿಕೊಂಡಾಗ ಮೂರನೆಯವನಾಗಿ ನ್ಯೂಯಾರ್ಕ್ ಜೆಟ್ಸ್ ಪಕ್ಷಕ್ಕೆ ಸೇರಿದನು. ಅದೇ ವರ್ಷ ಸೆಪ್ಟೆಂಬರ್ 10ರಂದು ಡೆಟ್ರಾಯಿಟ್ ನಗರದಲ್ಲಿ ನಡೆದ ಪಂದ್ಯದಲ್ಲಿ ಆತನು ಎಸೆದ ಮೊಟ್ಟಮೊದಲನೆಯ ಚೆಂಡೇ ಎದುರಾಳಿಯ ಕೈಗೆ ಸಿಕ್ಕಿ, ಅವನು ಅದನ್ನು ಹಿಡಿದು ಕೊನೆಯ ಗೆರೆಯವರೆಗೂ ಓಡಿಹೋದನು. ಪ್ರಥಮಗ್ರಾಸದಲ್ಲಿಯೇ ಕಲ್ಲು ಸಿಕ್ಕಿದಂತಾಯಿತು. ಆದರೆ ತರುಣನು ಎದೆಗುಂದಲಿಲ್ಲ. ಆ ಪಂದ್ಯವನ್ನು ಜೆಟ್ಸ್ ಪಕ್ಷವು 48ಕ್ಕೆ 17ರಂತೆ ಗೆದ್ದಿತು. ಆದುದರಿಂದ ಈತನು ಸ್ವಭಾವದಿಂದ ಅಂಜುಬುರುಕನೆಂದು ಹೇಳಲು ಆಧಾರವಿಲ್ಲ.

ಮಾರನೆಯ ವರ್ಷ ಈತನು ಕಾಯಿಲೆಯಿಂದ ಮೂರು ಪಂದ್ಯಗಳನ್ನು ತಪ್ಪಿಸಿಕೊಂಡು, ಗುಣಮುಖನಾಗಿ ಬಂದು, ಅಕ್ಟೋಬರ್ 13ರಂದು ಡಲ್ಲಾಸ್ ಪಕ್ಷವನ್ನು 24ಕ್ಕೆ 22ರಂತೆ ಸೋಲಿಸಿದನು. ಎಂಟು ದಿನಗಳ ಮೇಲೆ, 2019ರ ಅಕ್ಟೋಬರ್ 21ರ ರಾತ್ರಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಪಕ್ಷವು ಎದುರಾಯಿತು. ಅದು ಹಿಂದಿನ ವರ್ಷದ ಆಟದಲ್ಲಿ ದೇಶಕ್ಕೆಲ್ಲ ಪ್ರಥಮವೆನಿಸಿಕೊಂಡಿದ್ದ ಪಕ್ಷ. ಅದರ ಮುಖ್ಯ ಶಿಕ್ಷಕರಾದ ಬಿಲ್ ಬೆಲಿಚಿಕ್ ಎಂಬವರು ಎದುರಾಳಿಯ ಊಹೆಯನ್ನು ಕೆಡಿಸುವ ವಿದ್ಯೆಯಲ್ಲಿ ಪಾರಂಗತರೆಂದು ಹೆಸರಾದವರು. ಆ ರಾತ್ರಿ ಡಾರ್ನಲ್ಡನು ಎಸೆದ ಚೆಂಡುಗಳು 32. ತನ್ನವರನ್ನು ಮುಟ್ಟಿದುವು 11. ಅವುಗಳಿಂದ ದೊರೆತ ನೆಲ 86 ಗಜ. ಎದುರಾಳಿಗಳ ಕೈಸೇರಿದುವು ನಾಲ್ಕು. ಪಂದ್ಯವು 33ಕ್ಕೆ ಶೂನ್ಯದಂತೆ ಮುಗಿಯಿತು. ಎಂಟು ದಿನಗಳೊಳಗೆ ಆತನ ತೋಳಿನ ಬಲ ಕುಂದಿರಲಿಲ್ಲ. ಕಲಿತ ಪಾಠವು ಮರೆತುಹೋಗಿರಲಿಲ್ಲ. ಕೆಟ್ಟದ್ದು ನೋಟ ಮಾತ್ರ.

ಆಟದ ನಡುವೆ ತನ್ನ ಸರದಿ ಮುಗಿದು ಬಯಲಿನ ಅಂಚಿನ ಬೆಂಚಿನ ಮೇಲೆ ಕುಳಿತಿದ್ದಾಗ ತರುಣನು, “ನನಗೆ ಭೂತಗಳು ಕಾಣಿಸುತ್ತಿವೆ” ಎಂಬ ಅರ್ಥದ ಮಾತನ್ನಾಡಿದನು. ಇದು ಆ ಆಟದವರಲ್ಲಿ ರೂಢಿಯಾಗಿರುವ ನುಡಿ. ನುಗ್ಗಿ ಬರುವವರು ಯಾರೂ ಇಲ್ಲದಿದ್ದರೂ ಬರುತ್ತಿರುವಂತೆ ಭಾಸವಾಗುವುದು, ಬಿಡುವಾಗಿ ನಿಂತಿರುವ ತನ್ನವನ ಪಕ್ಕದಲ್ಲಿ ಇಲ್ಲದ ಎದುರಾಳಿ ಇರುವಂತೆ ತೋರುವುದು, ಇದೇ ಅದರ ತಾತ್ಪರ್ಯ. ಆದರೆ ಆ ರಾತ್ರಿ ಆತನ ಉಡುಪಿನಲ್ಲಿ ಮೈಕ್ರೊಫೋನ್ ಒಂದನ್ನು ಅಳವಡಿಸಿದ್ದರು. ಬೆಂಚಿನ ಮೇಲಿನ ಆ ಮಾತು ದೂರದರ್ಶನದ ಮೂಲಕ ದೇಶಕ್ಕೆಲ್ಲ ಕೇಳಿಸಿತು. ಬೆಳಗಾಗುವುದರೊಳಗೆ ಅದು ಹಾಸ್ಯದ ವಸ್ತುವಾಯಿತು. ಅನಂತರ ಹಲವು ವರ್ಷಗಳವರೆಗೆ ತರುಣನ ಹೆಸರಿನೊಡನೆ ಆ ಮಾತೂ ಅಂಟಿಕೊಂಡು ನಡೆಯಿತು.

ಭಾರತದ ಕಥೆಯನ್ನು ಕೇಳಿ ಬೆಳೆದವರಿಗೆ ಈ ಪ್ರಸಂಗದಲ್ಲಿ ತಟ್ಟನೆ ಅಭಿಮನ್ಯುವಿನ ನೆನಪಾಗುವುದು ಸಹಜ. ಹರೆಯದ ವೀರ, ಅಭೇದ್ಯವಾದ ವ್ಯೂಹ, ಸುತ್ತಲೂ ಅನುಭವಿಗಳಾದ ಶತ್ರುಗಳು, ಎಲ್ಲವೂ ಹೊಂದುವಂತೆ ತೋರುತ್ತದೆ. ಆದರೂ ಈ ಉಪಮೆಯು ಇಲ್ಲಿ ಪೂರ್ಣವಾಗಿ ಸಲ್ಲದು. ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವ ವಿದ್ಯೆ ತಿಳಿದಿತ್ತು, ಹೊರಬರುವ ವಿದ್ಯೆ ತಿಳಿದಿರಲಿಲ್ಲ. ತಿಳಿದಿಲ್ಲವೆಂಬುದೂ ಅವನಿಗೆ ತಿಳಿದಿತ್ತು. ಅವನದು ವಿದ್ಯೆಯ ಕೊರತೆ, ದೃಷ್ಟಿಯ ದೋಷವಲ್ಲ. ಶತ್ರುಗಳು ಎಲ್ಲಿರುವರೆಂಬುದನ್ನು ಅವನು ಕೊನೆಯ ಗಳಿಗೆಯವರೆಗೂ ಸರಿಯಾಗಿಯೇ ಕಂಡನು. ಡಾರ್ನಲ್ಡನ ಕಷ್ಟವು ಇದಕ್ಕೆ ವಿಪರೀತವಾದುದು. ಅವನಿಗೆ ವಿದ್ಯೆಯಿತ್ತು, ವಿದ್ಯೆಯೇ ಅವನ ಕಣ್ಣಿಗೆ ಅಡ್ಡಬಂದಿತು.

ಈ ಮಾತಿಗೆ ವಿವರಣೆ ಬೇಕು. ಭ್ರಾಂತಿಯೆಂದರೇನೆಂಬುದನ್ನು ಭರತಖಂಡದ ದಾರ್ಶನಿಕರು ವಿಚಾರಿಸಿದಷ್ಟು ಸೂಕ್ಷ್ಮವಾಗಿ ವಿಚಾರಿಸಿದವರು ವಿರಳ. ಮಬ್ಬಿನಲ್ಲಿ ಹಗ್ಗವನ್ನು ನೋಡಿ ಹಾವೆಂದು ಬೆಚ್ಚುವುದು, ಬಿಸಿಲಿನಲ್ಲಿ ಹೊಳೆಯುವ ಚಿಪ್ಪನ್ನು ನೋಡಿ ಬೆಳ್ಳಿಯೆಂದು ಬಾಗುವುದು ಇವು ಅವರು ಮತ್ತೆ ಮತ್ತೆ ಎತ್ತಿಕೊಂಡ ದೃಷ್ಟಾಂತಗಳು. ಕುಮಾರಿಲಭಟ್ಟನ ಮತದವರು ಒಂದು ವಸ್ತುವು ಮತ್ತೊಂದಾಗಿ ತೋರುವುದೇ ಭ್ರಾಂತಿಯೆಂದರು. ಪ್ರಭಾಕರನ ಮತದವರು ಇದನ್ನು ಒಪ್ಪಲಿಲ್ಲ. ಚಿಪ್ಪನ್ನು ನೋಡಿ “ಇದು ಬೆಳ್ಳಿ” ಎನ್ನುವಾಗ “ಇದು” ಎಂಬುದು ಕಣ್ಣು ಕಂಡದ್ದು, “ಬೆಳ್ಳಿ” ಎಂಬುದು ಮನಸ್ಸು ನೆನೆದದ್ದು. ಎರಡೂ ತಮ್ಮ ತಮ್ಮಷ್ಟಕ್ಕೆ ಸುಳ್ಳಲ್ಲ. ಕಂಡುದಕ್ಕೂ ನೆನೆದುದಕ್ಕೂ ಇರುವ ಭೇದವನ್ನು ಗ್ರಹಿಸದೆ ಹೋಗುವುದೇ ತಪ್ಪು ಎಂದು ಅವರ ಅಭಿಪ್ರಾಯ. ಯಾವ ಮತವು ಸರಿಯೆಂಬ ವಾದವು ಶಾಸ್ತ್ರಜ್ಞರಿಗೆ ಸೇರಿದುದು. ಆದರೆ ಬೆಂಚಿನ ಮೇಲೆ ಕುಳಿತಿದ್ದ ತರುಣನ ಸ್ಥಿತಿಗೆ ಪ್ರಾಭಾಕರರ ವಿವರಣೆಯು ಆಶ್ಚರ್ಯವೆನ್ನುವಷ್ಟು ಹೊಂದುತ್ತದೆ. ಎರಡು ಸಲ ಎಡಗಡೆಯಿಂದ ಅನಿರೀಕ್ಷಿತವಾಗಿ ಪೆಟ್ಟು ಬಿದ್ದರೆ, ಮೂರನೆಯ ಸಲ ಎಡಗಡೆ ಬರಿದಾಗಿದ್ದರೂ ಹಿಂದಿನ ಪೆಟ್ಟಿನ ನೆನಪು ಅಲ್ಲಿ ಒಬ್ಬ ಆಳನ್ನು ನಿಲ್ಲಿಸುತ್ತದೆ. ಪೆಟ್ಟು ಸುಳ್ಳಲ್ಲ, ಎಡಗಡೆಯೂ ಸುಳ್ಳಲ್ಲ. ಆಗಿನ ಪೆಟ್ಟನ್ನು ಈಗಿನ ಎಡಗಡೆಗೆ ಸೇರಿಸಿದುದೇ ಭೂತ.

ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಅರಿಯದವರಿಲ್ಲ. ಒಮ್ಮೆ ಸುಡುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಆರಿದ ಹಾಲನ್ನು ಕಂಡರೂ ಓಡತೊಡಗಿತು. ಕಥೆಯನ್ನು ಕೇಳಿದವರು ಬೆಕ್ಕಿನ ಮೌಢ್ಯಕ್ಕೆ ನಗುತ್ತಾರೆ. ಆದರೆ ಬೆಕ್ಕು ಮಾಡಿದುದು ತಾನು ಕಲಿತ ಪಾಠವನ್ನು ಪಾಲಿಸಿದುದಲ್ಲದೆ ಮತ್ತೇನು? ಕಲಿಯದ ಪ್ರಾಣಿಗೆ ಆ ಭಯವೇ ಇರುತ್ತಿರಲಿಲ್ಲ. ಅನುಭವವು ಗುರುವೆಂದು ಹೇಳುವ ಮಾತು ಅರ್ಧ ಸತ್ಯ. ಅನುಭವವು ಗುರುವೂ ಹೌದು, ಭೂತವೂ ಹೌದು. ಈ ಹೊತ್ತಿನ ವಸ್ತುವನ್ನು ಈ ಹೊತ್ತಿನ ಕಣ್ಣಿನಿಂದ ನೋಡುವವನಿಗೆ ಗುರು, ನಿನ್ನೆಯ ಕಣ್ಣಿನಿಂದ ನೋಡುವವನಿಗೆ ಭೂತ.

ಹೀಗಿರಲು, ಭ್ರಾಂತಿಯು ಬಂದವನ ಕರ್ತವ್ಯವೇನೆಂಬ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಪೂರ್ವಪಕ್ಷದವರು ಹೇಳುವುದು ಹೀಗೆ: ಕ್ವಾರ್ಟರ್‌ಬ್ಯಾಕ್ ಎಂದರೆ ನಾಯಕನು, ಉಳಿದ ಹತ್ತು ಮಂದಿ ಅವನ ಮುಖವನ್ನು ನೋಡಿ ಧೈರ್ಯವನ್ನು ತಂದುಕೊಳ್ಳತಕ್ಕವರು. ದಂಡಿನ ಮುಂದೆ ನಿಂತ ಸೇನಾಪತಿಯು ತನಗೆ ಭೂತ ಕಾಣಿಸುತ್ತಿದೆಯೆಂದರೆ ದಂಡು ನಿಲ್ಲುವುದೆ? ಹಡಗಿನ ನಾವಿಕನು ತನಗೆ ದಿಕ್ಕು ತೋರುತ್ತಿಲ್ಲವೆಂದರೆ ಪ್ರಯಾಣಿಕರ ಗತಿಯೇನು? ಭಯವು ಬಂದುದು ದೋಷವಲ್ಲದಿರಬಹುದು. ಅದನ್ನು ಬಾಯಿಬಿಟ್ಟು ಹೇಳಿದುದು ದೋಷವೇ ಸರಿ. ನಾಯಕನಾದವನು ತನ್ನ ಕಳವಳವನ್ನು ನುಂಗಿಕೊಳ್ಳಬೇಕು.

ಈ ವಾದದಲ್ಲಿ ಹುರುಳಿಲ್ಲದಿಲ್ಲ. ಎಲ್ಲ ಸತ್ಯವನ್ನೂ ಎಲ್ಲರ ಮುಂದೆಯೂ ಎಲ್ಲ ಕಾಲದಲ್ಲಿಯೂ ಹೇಳಬೇಕೆಂದು ಯಾವ ಧರ್ಮಶಾಸ್ತ್ರವೂ ವಿಧಿಸಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯನು ತನ್ನ ಸಂದೇಹಗಳನ್ನೆಲ್ಲ ಅಲ್ಲಿಯೇ ಹರಡಿಕೊಂಡರೆ ರೋಗಿಯ ಪ್ರಾಣಕ್ಕೆ ಅದರಿಂದಲೇ ಅಪಾಯವಾದೀತು. ಆದರೆ ಅದೇ ವೈದ್ಯನು ಹೊರಗೆ ಬಂದು, ತನ್ನ ಗುರುವಾದ ಹಿರಿಯ ವೈದ್ಯನು “ಏನು ಕಂಡೆ?” ಎಂದು ಕೇಳಿದಾಗ, ಕಾಣದ ಲಕ್ಷಣವನ್ನು ಕಂಡೆನೆಂದೂ ತಿಳಿಯದ ರೋಗವನ್ನು ತಿಳಿದೆನೆಂದೂ ಹೇಳಿದರೆ, ಅದು ಧೈರ್ಯವೂ ಅಲ್ಲ, ಗಾಂಭೀರ್ಯವೂ ಅಲ್ಲ, ರೋಗಿಗೆ ಮಾಡಿದ ದ್ರೋಹ. ಆದುದರಿಂದ ಪ್ರಶ್ನೆಯು ಹೇಳಬೇಕೆ ಬಚ್ಚಿಡಬೇಕೆ ಎಂಬುದಲ್ಲ. ಯಾರಿಗೆ ಎಲ್ಲಿ ಹೇಳಬೇಕೆಂಬುದು. ಡಾರ್ನಲ್ಡನು ಆ ಮಾತನ್ನು ಎದುರಾಳಿಗಳಿಗೆ ಹೇಳಲಿಲ್ಲ. ನೆರೆದ ಪ್ರೇಕ್ಷಕರಿಗೆ ಹೇಳಲಿಲ್ಲ. ತನ್ನ ಪಕ್ಷದವರು ಕೂಡುವ ಬೆಂಚಿನ ಮೇಲೆ ಆಡಿದನು. ಬೆಂಚು ಇರುವುದೇ ಅದಕ್ಕಾಗಿ.

ಏಕೆಂದರೆ ಭ್ರಾಂತಿಯ ಪರಿಹಾರಕ್ಕೆ ಇರುವ ಮಾರ್ಗವೊಂದೇ. ಹಗ್ಗದಲ್ಲಿ ಹಾವನ್ನು ಕಂಡವನಿಗೆ ಧೈರ್ಯದಿಂದ ಪ್ರಯೋಜನವಿಲ್ಲ. ಧೈರ್ಯಶಾಲಿಯಾದವನು ಓಡಿಹೋಗುವುದಕ್ಕೆ ಬದಲಾಗಿ ಹಗ್ಗವನ್ನು ದೊಣ್ಣೆಯಿಂದ ಬಡಿಯುವನು, ಅಷ್ಟೆ. ಬೇಕಾದುದು ದೀಪ. ಆ ಆಟದಲ್ಲಿಯೂ ದೀಪವಿಲ್ಲದಿಲ್ಲ. ಪ್ರತಿಯೊಂದು ಸರದಿಯು ಮುಗಿದ ಮೇಲೆ ಕ್ವಾರ್ಟರ್‌ಬ್ಯಾಕನು ಬೆಂಚಿಗೆ ಬಂದು ಕುಳಿತು, ಆಗತಾನೆ ನಡೆದ ಆಟದ ಸ್ಥಿರಚಿತ್ರಗಳನ್ನು ಶಿಕ್ಷಕರೊಡನೆ ನೋಡುತ್ತಾನೆ. ಎದುರಾಳಿಗಳಲ್ಲಿ ಯಾರು ಎಲ್ಲಿ ನಿಂತಿದ್ದರು, ಚೆಂಡು ಕದಲಿದ ಮೇಲೆ ಎಲ್ಲಿಗೆ ಹೋದರು ಎಂಬುದೆಲ್ಲ ಆ ಚಿತ್ರಗಳಲ್ಲಿ ಇರುತ್ತದೆ. ಆದರೆ ಒಂದು ಮಾತ್ರ ಇರುವುದಿಲ್ಲ: ಆ ಕ್ಷಣದಲ್ಲಿ ತರುಣನ ಕಣ್ಣು ಏನನ್ನು ಕಂಡಿತೆಂಬುದು. ಅದನ್ನು ಅವನು ಬಾಯಿಬಿಟ್ಟು ಹೇಳದ ಹೊರತು ಜಗತ್ತಿನಲ್ಲಿ ಯಾರಿಗೂ ತಿಳಿಯುವಂತಿಲ್ಲ. “ಇಲ್ಲಿ ಒಬ್ಬನಿದ್ದನೆಂದು ಕಂಡಿತು” ಎಂದು ಅವನು ಹೇಳಿದರೆ, “ನೋಡು, ಇಲ್ಲಿ ಯಾರೂ ಇರಲಿಲ್ಲ” ಎಂದು ಶಿಕ್ಷಕನು ತೋರಿಸಬಹುದು. ಮಾನಕ್ಕಾಗಿ “ಎಲ್ಲ ಸರಿಯಾಗಿ ಕಂಡೆ, ಕೈ ಜಾರಿತು” ಎಂದು ಹೇಳಿದರೆ, ಶಿಕ್ಷಕನು ಕೈಗೆ ಮದ್ದು ಹಾಕುತ್ತಾನೆ; ರೋಗವಿರುವುದು ಕಣ್ಣಿನಲ್ಲಿ. ಸರಿಯಾದ ದೃಷ್ಟಿಗೆ ದಾರಿಯಿರುವುದು ತಪ್ಪು ದೃಷ್ಟಿಯ ಪ್ರಾಮಾಣಿಕವಾದ ನಿವೇದನದ ಮೂಲಕ. ಭೂತವು ಕಾಣಿಸಿತೆಂದು ಹೇಳುವ ಮಾತಿನಲ್ಲಿಯೇ ಅದು ಭೂತವೆಂಬ ಅರಿವೂ ಅಡಗಿದೆ ಎಂಬುದನ್ನು ಮರೆಯಬಾರದು. ಪೂರ್ಣವಾಗಿ ಮರುಳಾದವನು “ಭೂತ ಕಾಣಿಸುತ್ತಿದೆ” ಎನ್ನುವುದಿಲ್ಲ. “ಆಳು ಬರುತ್ತಿದ್ದಾನೆ” ಎನ್ನುತ್ತಾನೆ.

ಇದಕ್ಕೆ ಎದುರಾದ ದೃಷ್ಟಾಂತವು ಸಭಾಪರ್ವದಲ್ಲಿ ದೊರೆಯುತ್ತದೆ. ಮಯನು ಕಟ್ಟಿದ ಸಭೆಯನ್ನು ಹೊಕ್ಕ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಉಟ್ಟ ವಸ್ತ್ರವನ್ನು ಎತ್ತಿಕಟ್ಟಿದನು. ಅಲ್ಲಿ ನೀರಿಲ್ಲವೆಂದು ಅರಿತು, ಮುಂದೆ ನಿಜವಾದ ನೀರನ್ನು ನೆಲವೆಂದು ಬಗೆದು ಬಿದ್ದನು. ಮುಚ್ಚಿದ್ದ ಬಾಗಿಲನ್ನು ತೆರೆದಿದೆಯೆಂದು ಹೊಕ್ಕು ಹಣೆಯನ್ನು ಬಡಿಸಿಕೊಂಡನು; ಅನಂತರ ತೆರೆದ ಬಾಗಿಲಿಗೆ ಬಂದು, ಮುಚ್ಚಿದೆಯೆಂದು ತಿಳಿದು ಹಿಂದಿರುಗಿದನು. ಮೊದಲಿನ ತಪ್ಪುಗಳಿಗೆ ಮಯನ ಕೌಶಲವು ಕಾರಣ. ತೆರೆದ ಬಾಗಿಲಿನಿಂದ ಹಿಂದಿರುಗಿದುದಕ್ಕೆ ಮಾತ್ರ ಹಣೆಯ ನೋವೇ ಕಾರಣ. ಸುತ್ತಲಿದ್ದವರು ನಕ್ಕರು. ನಕ್ಕುದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿದ್ದವನು ಮಾಡಿದುದೇನು? ಊರಿಗೆ ಹಿಂದಿರುಗಿ ಮಾವನಿಗೂ ತಂದೆಗೂ ತನ್ನ ಅವಮಾನವನ್ನು ಸಾವಿರ ಬಾಯಿಂದ ಹೇಳಿಕೊಂಡನು. ಅವರ ನಗೆಯನ್ನು ಹೇಳಿದನು, ಅವರ ಸಿರಿಯನ್ನು ಹೇಳಿದನು. ನೆಲವನ್ನು ನೀರೆಂದು ಕಂಡ ತನ್ನ ಕಣ್ಣಿನ ಪರೀಕ್ಷೆಗೆ ಮಾತ್ರ ಎಂದೂ ಮನಸ್ಸು ಕೊಡಲಿಲ್ಲ. ಆ ಕಣ್ಣೇ ಮುಂದೆ ಕೃಷ್ಣನ ಸಂಧಿಯ ಮಾತಿನಲ್ಲಿ ಹಿತವನ್ನು ಕಾಣಲಾರದೆ ಹೋಯಿತು. ಒಂದು ಕೊಳದಲ್ಲಿ ಬಿದ್ದ ನೋವು ಒಂದು ವಂಶವನ್ನು ನುಂಗಿತು. ಭ್ರಾಂತಿಯು ಇಬ್ಬರಿಗೂ ಬಂದಿತು. ನಗೆಯೂ ಇಬ್ಬರ ಮೇಲೆಯೂ ಬಿದ್ದಿತು. ಒಬ್ಬನು ತನ್ನ ಕಣ್ಣನ್ನು ಸಂದೇಹಿಸಿದನು, ಮತ್ತೊಬ್ಬನು ಪರರ ನಗೆಯನ್ನು ಎಣಿಸುತ್ತ ಕುಳಿತನು. ಪಂದ್ಯ ಮುಗಿದ ಮೇಲೆ ಪತ್ರಿಕೆಯವರು ಆ ಮಾತಿನ ಅರ್ಥವೇನೆಂದು ಕೇಳಿದಾಗ ಡಾರ್ನಲ್ಡನು ಎದುರಾಳಿಗಳನ್ನಾಗಲಿ ತನ್ನ ಜೊತೆಗಾರರನ್ನಾಗಲಿ ದೂರಲಿಲ್ಲ. ಬಯಲನ್ನು ತಾನು ಇನ್ನೂ ಚೆನ್ನಾಗಿ ನೋಡಬೇಕಾಗಿತ್ತು, ಅದೇ ಅದರ ಅರ್ಥವೆಂಬ ಭಾವದಲ್ಲಿ ಉತ್ತರ ಕೊಟ್ಟನು.

ಇಲ್ಲಿ ಕೇಳುವವರ ಧರ್ಮವನ್ನು ಕುರಿತೂ ಒಂದು ಮಾತು ಆವಶ್ಯಕ. ಆತ್ಮೀಯರ ನಡುವೆ ಆಡಿದ ಮಾತನ್ನು ಎತ್ತಿ ಊರಿಗೆಲ್ಲ ಕೇಳಿಸಿದುದು ಉಚಿತವಾಯಿತೆ? ಜೆಟ್ಸ್ ಪಕ್ಷದ ಶಿಕ್ಷಕರು ಇದನ್ನು ಆಕ್ಷೇಪಿಸಿದರು. ಅವರ ಆಕ್ಷೇಪಣೆಯಲ್ಲಿ ನ್ಯಾಯವಿತ್ತು. ಮಾತು ನಿಜವಾದುದೇ, ಅದನ್ನು ಯಾರೂ ತಿರುಚಲಿಲ್ಲ, ಆದುದರಿಂದ ಕೇಳಿಸಿದುದರಲ್ಲಿ ತಪ್ಪೇನೆಂದು ಕೆಲವರು ಕೇಳಬಹುದು. ತಪ್ಪು ಇರುವುದು ಆ ಒಬ್ಬನಿಗೆ ಆದ ಅವಮಾನದಲ್ಲಿ ಮಾತ್ರವಲ್ಲ. ಅದನ್ನು ಕೇಳಿದ ಸಾವಿರಾರು ತರುಣರು, ನಿಜವನ್ನು ಹೇಳಿದರೆ ಹೀಗಾಗುತ್ತದೆಂಬ ಪಾಠವನ್ನು ಕಲಿತರು. ಮುಂದೆ ಅವರಿಗೆ ಭೂತ ಕಾಣಿಸಿದಾಗ ಅವರು ತುಟಿ ಬಿಗಿದು ಕುಳಿತರೆ ಅದರ ಹೊಣೆ ಯಾರದು? ಸತ್ಯವನ್ನು ನುಡಿಯಬೇಕೆಂದು ಮಕ್ಕಳಿಗೆ ಬೋಧಿಸುವುದು ಸುಲಭ. ಸತ್ಯವನ್ನು ನುಡಿದವನು ಅದಕ್ಕಾಗಿ ನಗೆಗೀಡಾಗದಂಥ ಸ್ಥಳವನ್ನು ಒದಗಿಸಿಕೊಡುವುದು ಕಷ್ಟ. ಎರಡನೆಯದಿಲ್ಲದೆ ಮೊದಲನೆಯದನ್ನು ಮಾತ್ರ ಕೇಳುವ ಸಮಾಜವು ಬಿತ್ತದೆ ಬೆಳೆಯನ್ನು ಕೇಳಿದಂತೆ.

ಆ ರಾತ್ರಿ ಆ ಮಾತು ತರುಣನನ್ನು ಉಳಿಸಲಿಲ್ಲವೆಂಬುದನ್ನು ಒಪ್ಪಬೇಕು. ಮುಂದಿನ ವರ್ಷಗಳೂ ಅವನಿಗೆ ಸುಗಮವಾಗಿರಲಿಲ್ಲ. 2021ರಲ್ಲಿ ಜೆಟ್ಸ್ ಪಕ್ಷವು ಆತನನ್ನು ಕೆರೋಲಿನಾ ಪಕ್ಷಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ಎರಡು ವರ್ಷ ಕಳೆದು, 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪಕ್ಷದಲ್ಲಿ ಮತ್ತೊಬ್ಬ ಕ್ವಾರ್ಟರ್‌ಬ್ಯಾಕನ ಬದಲಿಯಾಗಿ ಬೆಂಚಿನ ಮೇಲೆ ಕುಳಿತು ಕಲಿತನು. ಒಮ್ಮೆ ಮೂರನೆಯವನಾಗಿ ಆಯ್ಕೆಯಾದವನಿಗೆ ಇದು ಸಣ್ಣ ಇಳಿತವಲ್ಲ. 2024ರಲ್ಲಿ ಮಿನ್ನೆಸೋಟಾ ಪಕ್ಷಕ್ಕೆ ಸೇರಿ 17 ಪಂದ್ಯಗಳಲ್ಲಿ 14ನ್ನು ಗೆಲ್ಲಿಸಿದನು. ಭೂತವು ಬಿಟ್ಟುಹೋಯಿತೆಂದು ಜನರು ಹೇಳುವಷ್ಟರಲ್ಲಿ, 2025ರ ಜನವರಿ 13ರಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ಪಕ್ಷದವರು ಆತನನ್ನು ಒಂದೇ ಪಂದ್ಯದಲ್ಲಿ ಒಂಬತ್ತು ಬಾರಿ ನೆಲಕ್ಕೆ ಕೆಡಹಿದರು. ಪಂದ್ಯವು 27ಕ್ಕೆ 9ರಂತೆ ಕೈಬಿಟ್ಟಿತು. ಅದೇ ವರ್ಷ ಸಿಯಾಟಲ್ ಸೀಹಾಕ್ಸ್ ಪಕ್ಷಕ್ಕೆ ಹೋದನು. ನವೆಂಬರಿನಲ್ಲಿ ಅದೇ ರ‍್ಯಾಮ್ಸ್ ಪಕ್ಷದವರ ಎದುರಿನಲ್ಲಿ, ಹಿಂದಿನ ಆ ರಾತ್ರಿಯಂತೆಯೇ, ಆತನ ನಾಲ್ಕು ಚೆಂಡುಗಳು ಎದುರಾಳಿಗಳ ಪಾಲಾದುವು. ಆದರೆ 2026ರ ಜನವರಿಯಲ್ಲಿ ಆ ರ‍್ಯಾಮ್ಸ್ ಪಕ್ಷವನ್ನು ಸೋಲಿಸಿ, ಫೆಬ್ರವರಿ 8ರಂದು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಸಿಯಾಟಲ್ ಪಕ್ಷವು 29ಕ್ಕೆ 13ರಂತೆ ಗೆದ್ದಿತು. ಎದುರಿಗಿದ್ದುದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಮುಖ್ಯ ಶಿಕ್ಷಕರು ಬೇರೆಯಾಗಿದ್ದರು, ಆಟಗಾರರೂ ಬೇರೆಯಾಗಿದ್ದರು. ಹೆಸರು ಮಾತ್ರ ಆರು ವರ್ಷಗಳ ಹಿಂದಿನದೇ.

ಈ ಗೆಲವನ್ನು ಕಂಡು, ಸತ್ಯವನ್ನು ನುಡಿದವನಿಗೆ ಕೊನೆಗೆ ಜಯವು ಖಂಡಿತವೆಂದು ಹೇಳಹೊರಟರೆ ಅದು ವಿಚಾರವಾಗದು, ಪುರಾಣಶ್ರವಣದ ಫಲಶ್ರುತಿಯಾದೀತು. ಆತನಷ್ಟೇ ಪ್ರಾಮಾಣಿಕರಾದ ಎಷ್ಟೋ ಮಂದಿ ಆ ಆಟದಲ್ಲಿ ಹೆಸರಿಲ್ಲದೆ ಹೋಗಿರಬೇಕು. ಪಂದ್ಯದ ಗೆಲವಿಗೆ ಜೊತೆಗಾರರ ಬಲವೂ ಶಿಕ್ಷಕರ ಬುದ್ಧಿಯೂ ಅದೃಷ್ಟವೂ ಕೂಡಬೇಕು. 2026ರ ಆ ಸಂಜೆ ಬಾರದೆ ಇದ್ದಿದ್ದರೂ 2019ರ ಆ ರಾತ್ರಿಯ ಮಾತು ಸರಿಯಾದ ಮಾತೇ ಆಗಿರುತ್ತಿತ್ತು. ಆ ಇತಿಹಾಸದಿಂದ ತಿಳಿಯುವುದು ಇಷ್ಟೆ: ಭೂತವು ಒಂದು ಸಲ ಓಡಿಸಿದರೆ ಮರಳಿ ಬಾರದಂಥದಲ್ಲ. 22ನೆಯ ವಯಸ್ಸಿನಲ್ಲಿ ಬಂದುದು 28ನೆಯ ವಯಸ್ಸಿನಲ್ಲಿಯೂ ಬಂದಿತು. ಬದಲಾದುದು ಅದರ ಬರವಲ್ಲ. ಅದು ಬಂದ ಮೇಲೆ ಮತ್ತೆ ಕಣ್ಣುತೆರೆದು ನೋಡುವ ಅಭ್ಯಾಸ.

ವಾಚಕರಲ್ಲಿ ಬಹುಮಂದಿ ಆ ಬಯಲನ್ನು ಎಂದಿಗೂ ಕಾಣಲಿಕ್ಕಿಲ್ಲ. ಆದರೆ ಬೆಂಚು ಎಲ್ಲ ಮನೆಗಳಲ್ಲಿಯೂ ಉಂಟು. ವರ್ಷವೆಲ್ಲ ಓದಿದ ಹುಡುಗನು ಪರೀಕ್ಷೆಯಲ್ಲಿ ಎಂದೂ ಕಾಣದ ರೂಪದ ಪ್ರಶ್ನೆಯನ್ನು ಕಂಡು, ತಿಳಿದುದನ್ನೂ ತಪ್ಪಾಗಿ ಬರೆದು ಮನೆಗೆ ಬರುತ್ತಾನೆ. ಹೊಸ ಉದ್ಯೋಗಕ್ಕೆ ಸೇರಿದ ಮಗಳು ಮೇಲಧಿಕಾರಿಯ ಸಾಮಾನ್ಯವಾದ ಮಾತಿನಲ್ಲಿಯೂ ಹಿಂದಿನ ಗದರಿಕೆಯನ್ನೇ ಕೇಳಿಸಿಕೊಂಡು, ಬೆದರಿ, ಸಂಜೆ ಹಿಂದಿರುಗುತ್ತಾಳೆ. ಅವರು ಜಗುಲಿಯ ಮೇಲೆ ಕುಳಿತು, “ಏನೋ ಕಾಣಿಸಿತು, ಹೆದರಿಕೆಯಾಯಿತು, ತಪ್ಪಿದೆ” ಎಂದು ಹೇಳಿದಾಗ, ಮನೆಯ ಹಿರಿಯರ ಕೈಯಲ್ಲಿ ಎರಡು ವಸ್ತುಗಳಿರುತ್ತವೆ: ಒಂದು ನಗೆ, ಒಂದು ದೀಪ. ಯಾವುದನ್ನು ಎತ್ತಿಕೊಳ್ಳುವರೆಂಬುದರ ಮೇಲೆ ಆ ಮಕ್ಕಳು ಮತ್ತೊಮ್ಮೆ ಬಾಯಿಬಿಟ್ಟು ಹೇಳುವರೆ ಇಲ್ಲವೆ ಎಂಬುದು ನಿಂತಿದೆ.